ಪೈಜಾಮ ನೇತುಹಾಕದ ಹುಡುಗ

ಮೊದಲೇ ಒಂದು ವಿಷಯ ಒಪ್ಪಿಕೊಂಡುಬಿಡ್ತೀವಿ. ಕಳೆದ ಸೆಮ್‌ನಲ್ಲಿ ನಾವು ನಾಲ್ಕು ಜನ ಪ್ರತಿ ಶನಿವಾರ ಕೆ.ಆರ್. ಪುರದಲ್ಲಿ ಮೆಟ್ರೋ ಹತ್ತಿ ಇಂದಿರಾನಗರದಲ್ಲಿ ಇಳಿದು, ಅಲ್ಲಿನ ಒಂದು ಅಡ್ಡರಸ್ತೆಯಲ್ಲಿರುವ ಆಟಿಸಂ ಮಕ್ಕಳ ಸೆಂಟರ್‌ಗೆ ಹೋಗ್ತಿದ್ದದ್ದು ಸೇವಾ ಮನೋಭಾವದಿಂದ ಅಲ್ಲ. ಆಕ್ಟಿವಿಟಿ ಪಾಯಿಂಟ್ಸ್‌ಗೆ. ಡಿಗ್ರಿ ಕೈಗೆ ಬರೋ ಹೊತ್ತಿಗೆ 100 ಪಾಯಿಂಟ್ಸ್ ತುಂಬಿರಬೇಕು ಅನ್ನೋದು ನಿಮಗೂ ಗೊತ್ತು. ಕುರ್ಚಿ ಜೋಡಿಸೋದು, ಬಣ್ಣದ ಬ್ಲಾಕ್‌ಗಳನ್ನು ಎತ್ತಿಡೋದು, ಮಕ್ಕಳ ಜೊತೆ ಕೂರೋದು, ಇಷ್ಟೇ ನಮ್ಮ ಕೆಲಸ.

ಅಲ್ಲಿ ಆರು ವರ್ಷದ ಒಬ್ಬ ಹುಡುಗ ಇದ್ದ. ಮಾತಿಲ್ಲ. ಏನಾದರೂ ಬೇಕಾದರೆ ಕಿರುಚುತ್ತಿದ್ದ, ಸಿಗದಿದ್ದರೆ ತನ್ನ ಕೈಯನ್ನೇ ಕಚ್ಚಿಕೊಳ್ಳುತ್ತಿದ್ದ. ಅಲ್ಲಿನ ಮೇಡಂ ಮೂರು ವಾರದಿಂದ ಅವನಿಗೆ ಒಂದೇ ಒಂದು ವಿಷಯ ಕಲಿಸುತ್ತಿದ್ದರು. ಬೇಕಾದ ವಸ್ತುವಿನ ಚಿತ್ರ ಇರೋ ಕಾರ್ಡನ್ನು ಎತ್ತಿ ಎದುರಿಗಿರುವವರ ಕೈಗೆ ಕೊಡೋದು. ಕಾರ್ಡ್ ಕೊಟ್ಟ ತಕ್ಷಣ ವಸ್ತು ಕೈಗೆ ಬರುತ್ತೆ. ಕಿರುಚಿದರೆ ಬರಲ್ಲ. ಒಂದು ಶನಿವಾರ ಮೇಡಂ ಐದು ನಿಮಿಷ ಹೊರಗೆ ಹೋದಾಗ ಅವನು ನಮ್ಮಲ್ಲೊಬ್ಬರ ಮೊಬೈಲ್ ನೋಡಿ ಕಿರುಚೋಕೆ ಶುರು ಮಾಡಿದ. ಒಂದು ನಿಮಿಷ ತಡೆದೆವು. ಎರಡು ನಿಮಿಷ ತಡೆದೆವು. ಅವನು ಕೈ ಕಚ್ಚಿಕೊಂಡ. ಕರುಳು ಚುರುಕ್ ಅಂತು, ಮೊಬೈಲ್ ಕೊಟ್ಟುಬಿಟ್ಟೆವು. ತಕ್ಷಣ ಸುಮ್ಮನಾದ. ಒಳ್ಳೇ ಕೆಲಸ ಮಾಡಿದೆವು ಅಂತಾನೇ ಅನ್ನಿಸಿತು.

ವಾಪಸ್ ಬಂದ ಮೇಡಂ ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು. ನಾವು ಆ ಹುಡುಗನಿಗೆ ಪಾಠವನ್ನು ಚೆನ್ನಾಗಿಯೇ ಮಾಡಿದ್ದೇವೆ ಅಂತ ವಿವರಿಸಿದರು. ಬರೀ ಕಿರುಚಿದರೆ ಸಾಲದು, ಎರಡು ನಿಮಿಷ ಬಿಡದೆ ಕಿರುಚಿ ಆಮೇಲೆ ಕೈ ಕಚ್ಚಿಕೊಂಡರೆ ಮೊಬೈಲ್ ಸಿಗುತ್ತದೆ, ಕಾರ್ಡ್ ಬೇಕಾಗಿಯೇ ಇಲ್ಲ ಅನ್ನೋದು ಆ ಪಾಠ. ಮೂರು ವಾರದ ಕೆಲಸ ಮೂರು ನಿಮಿಷದಲ್ಲಿ ನೀರುಪಾಲು. ತಾವು ಮಾಡೋ ಕೆಲಸಕ್ಕೆ ಎಬಿಎ, ಅಂದರೆ ಅನ್ವಯಿಕ ವರ್ತನಾ ವಿಶ್ಲೇಷಣೆ ಅಂತ ಹೆಸರು, ಇದರ ಬೇರು ಸ್ಕಿನ್ನರ್ ಅನ್ನೋ ಒಬ್ಬ ಪ್ರೊಫೆಸರ್ ಹತ್ತಿರ ಇದೆ, ಟೈಮ್ ಸಿಕ್ಕಾಗ ಓದಿ ಅಂತಲೂ ಹೇಳಿದರು.

ಓದಿದೆವು. ತಪ್ಪು ಮಾಡಿದವರು ಓದೋ ಸ್ಪೀಡೇ ಬೇರೆ. ನಮಗೆ ಆ ಹೆಸರು ಹೊಸದು, ಆದರೆ ನಮ್ಮಲ್ಲೊಬ್ಬಳ ಅಮ್ಮ ಡಿ.ಎಡ್. ಮಾಡಿದವರು, ಅವರಿಗೆ ಸ್ಕಿನ್ನರ್ ಬಾಯಿಪಾಠ. ಟಿಇಟಿಗೆ ಓದೋ ಎಲ್ಲರಿಗೂ ಇಲಿ, ಪೆಟ್ಟಿಗೆ, ಪುನರ್ಬಲನ ಅನ್ನೋ ಪದ ಗೊತ್ತಿರುತ್ತಂತೆ. ಪುನರ್ಬಲನ ಅಂದರೆ ಇಷ್ಟೇ: ಒಂದು ಕೆಲಸದ ಹಿಂದೆಯೇ ಬರುವ ಫಲದಿಂದಾಗಿ ಆ ಕೆಲಸ ಮುಂದೆ ಹೆಚ್ಚಾಗೋದು. ಆದರೆ ಆ ಪುಸ್ತಕಗಳಲ್ಲಿ ಮನುಷ್ಯ ಕಾಣಿಸಲ್ಲ. ನಮಗೆ ಇಷ್ಟ ಆಗಿದ್ದು ಮನುಷ್ಯ. ಯಾಕಂದ್ರೆ ಆತ ಮೂಲತಃ ನಮ್ಮ ಜಾತಿಯವನು: ಸಿಕ್ಕ ಸಿಕ್ಕ ಗುಜರಿ ಸೇರಿಸಿ ಏನಾದರೂ ಮಾಡುವವನು.

ಬರ್ರಸ್ ಫ್ರೆಡ್ರಿಕ್ ಸ್ಕಿನ್ನರ್ ಹುಟ್ಟಿದ್ದು 1904ರ ಮಾರ್ಚ್ 20ರಂದು, ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಸಸ್ಕ್ವೆಹಾನಾ ಎಂಬ ಸಣ್ಣ ರೈಲ್ವೆ ಊರಿನಲ್ಲಿ. ಅಪ್ಪ ವಕೀಲರು. ಅಮ್ಮನಿಗೆ ಜನ ಏನಂದುಕೊಳ್ತಾರೋ ಅನ್ನೋದೇ ದೊಡ್ಡ ಚಿಂತೆ (ಈ ಅಮ್ಮಂದಿರು ಎಲ್ಲ ದೇಶದಲ್ಲೂ ಇದ್ದಾರೆ). ಹುಡುಗ ಕೆಟ್ಟ ಮಾತಾಡಿದ ಅಂತ ಅಮ್ಮ ಒಮ್ಮೆ ಬಾಯಿಯನ್ನು ಸೋಪಿನಿಂದ ತೊಳೆದಿದ್ದರು. ಅಜ್ಜಿ ನರಕ ಹೇಗಿರುತ್ತೆ ಅಂತ ತೋರಿಸೋಕೆ ಒಲೆಯೊಳಗಿನ ಕೆಂಡವನ್ನು ತೋರಿಸಿದ್ದರು. ಅಪ್ಪ ಹೊಡೆಯುತ್ತಿರಲಿಲ್ಲ, ಆದರೆ ದಾರಿ ತಪ್ಪಿದರೆ ಎಲ್ಲಿಗೆ ಹೋಗಬೇಕಾಗುತ್ತೆ ಅಂತ ಮಗನನ್ನು ಜೈಲು ನೋಡೋಕೆ ಕರೆದುಕೊಂಡು ಹೋಗಿದ್ದರು. ಈ ಭಯಗಳು ಸ್ಕಿನ್ನರ್ ಅವರನ್ನು ದೊಡ್ಡವರಾದ ಮೇಲೂ ಬಿಡಲಿಲ್ಲ. ಶಿಕ್ಷೆಯ ಬಗ್ಗೆ ಅವರು ಜೀವನಪೂರ್ತಿ ಇಟ್ಟುಕೊಂಡ ಅಸಮಾಧಾನದ ಬುಡ ಇಲ್ಲೇ ಇದೆ ಅಂತ ನಮಗನ್ನಿಸುತ್ತೆ.

ಹುಡುಗ ಸದಾ ಏನಾದರೂ ಕಟ್ಟುತ್ತಿದ್ದ. ಎಸೆದ ಬಾಯ್ಲರ್ ಒಂದರಿಂದ ಹಬೆಯ ಫಿರಂಗಿ ಮಾಡಿ, ಆಲೂಗಡ್ಡೆ ಮತ್ತು ಕ್ಯಾರೆಟ್ ತುಂಡುಗಳನ್ನು ಅಕ್ಕಪಕ್ಕದ ಮನೆಗಳ ಮಾಡಿನ ಮೇಲಿಂದ ಹಾರಿಸುತ್ತಿದ್ದ. ನಿಲ್ಲದೇ ಓಡುವ ಯಂತ್ರವನ್ನೂ ಪ್ರಯತ್ನಿಸಿದ. ಥರ್ಮೋಡೈನಮಿಕ್ಸ್ ಮೊದಲ ಮಾಡ್ಯೂಲ್ ಓದಿದ ನಾವೆಲ್ಲ ಅದರ ಗತಿ ಊಹಿಸಬಹುದು.

ಇವೆಲ್ಲದರ ನಡುವೆ ಒಂದು ಸಣ್ಣ ಯಂತ್ರ ಇದೆ, ನಮ್ಮ ಈ ಬರಹಕ್ಕೆ ಅದೇ ಮುಖ್ಯ. ಬೆಳಿಗ್ಗೆ ಎದ್ದ ಮೇಲೆ ಹುಡುಗ ಪೈಜಾಮವನ್ನು ನೇತುಹಾಕುತ್ತಿರಲಿಲ್ಲ. ಅವನು ತಿಂಡಿಗೆ ಕೂತಾಗ ಅಮ್ಮ ಮೇಲೆ ಹೋಗಿ ನೋಡೋದು, ಕೂಗೋದು, ಇವನು ತಿಂಡಿ ಬಿಟ್ಟು ಹತ್ತಿ ಹೋಗಿ ನೇತುಹಾಕೋದು. ದಿನಾ ಇದೇ ಗೋಳು. ಇಲ್ಲಿ ಸಾಮಾನ್ಯವಾಗಿ ಎರಡು ಪರಿಹಾರ ಇವೆ. ಅಮ್ಮ ಇನ್ನೂ ಜೋರಾಗಿ ಬೈಯಬೇಕು, ಇಲ್ಲ ಹುಡುಗ ನಾಳೆಯಿಂದ ಶಿಸ್ತು ಅಂತ ಶಪಥ ಮಾಡಬೇಕು. ಇವನು ಎರಡನ್ನೂ ಬಿಟ್ಟು ಬಟ್ಟೆ ಬೀರುವಿನ ಕೊಕ್ಕೆಗೆ ಒಂದು ದಾರ ಕಟ್ಟಿದ. ದಾರದ ಇನ್ನೊಂದು ತುದಿಗೆ ಒಂದು ಬೋರ್ಡು. ಕೊಕ್ಕೆಯಲ್ಲಿ ಪೈಜಾಮ ಇದ್ದರೆ ಅದರ ಭಾರಕ್ಕೆ ಬೋರ್ಡು ಬಾಗಿಲ ಮೇಲಕ್ಕೆ ಹೋಗಿ ದಾರಿ ಬಿಡುತ್ತೆ. ಕೊಕ್ಕೆ ಖಾಲಿ ಇದ್ದರೆ ಬೋರ್ಡು ಇಳಿದು ಬಾಗಿಲ ಮಧ್ಯಕ್ಕೆ ಬಂದು ಮುಖಕ್ಕೆ ಎದುರಾಗುತ್ತೆ. ಪೈಜಾಮ ಎಲ್ಲಿಡಬೇಕು ಅಂತ ಅದರ ಮೇಲೆ ಬರೆದಿತ್ತು. ಹುಡುಗ ಬದಲಾಗಲಿಲ್ಲ. ಬಾಗಿಲು ಬದಲಾಯಿತು. ಅವರ ಮುಂದಿನ ಅರವತ್ತು ಎಪ್ಪತ್ತು ವರ್ಷದ ಕೆಲಸವನ್ನು ಓದುವಾಗಲೆಲ್ಲ ನಮಗೆ ಈ ಬೋರ್ಡು ನೆನಪಾಗುತ್ತಿತ್ತು.

ಕಾಲೇಜಿನಲ್ಲಿ ಅವರು ಓದಿದ್ದು ಇಂಗ್ಲಿಷ್ ಸಾಹಿತ್ಯ. ಕಾಲೇಜು ದಿನಗಳಲ್ಲೇ, 1923ರಲ್ಲಿ, ಎರಡೂವರೆ ವರ್ಷ ಚಿಕ್ಕವನಾದ ತಮ್ಮ ಎಡ್ವರ್ಡ್ ಇದ್ದಕ್ಕಿದ್ದಂತೆ ತಲೆನೋವು ಅಂತ ಮಲಗಿದವನು ತೀರಿಕೊಂಡ. ಅವನಿಗೆ 16 ವರ್ಷ. ಸ್ಕಿನ್ನರ್ ಅವತ್ತು ಮನೆಯಲ್ಲೇ ಇದ್ದರು. 1926ರಲ್ಲಿ ಪದವಿ ಮುಗಿಯಿತು. ಕವಿ ರಾಬರ್ಟ್ ಫ್ರಾಸ್ಟ್ ಅವರ ಕಥೆಗಳನ್ನು ಓದಿ ಮೆಚ್ಚಿ ಪತ್ರ ಬರೆದಿದ್ದರಿಂದ ಬರಹಗಾರನಾಗೋದು ಅಂತ ತೀರ್ಮಾನ ಮಾಡಿ, ಅಪ್ಪ ಅಮ್ಮನ ಮನೆಯ ಅಟ್ಟದಲ್ಲಿ ಮೇಜು ಹಾಕಿಕೊಂಡು ಕೂತರು. ಒಂದು ವರ್ಷ ಕೂತರು. ಬರಲಿಲ್ಲ. ಹಡಗಿನ ಮಾಡೆಲ್ ಕಟ್ಟಿದರು, ರೇಡಿಯೋ ಕೇಳಿದರು, ಪುಸ್ತಕ ಓದಿದರು, ಹೇಳೋಕೆ ತಮ್ಮ ಹತ್ತಿರ ಏನೂ ಇಲ್ಲ ಅನ್ನೋ ತೀರ್ಮಾನಕ್ಕೆ ಬಂದರು. ಮುಂದೆ ಅವರು ಆ ಕಾಲವನ್ನು ತಮ್ಮ ಕತ್ತಲ ವರ್ಷ ಅಂತ ಕರೆದುಕೊಂಡರು. ಒಂದು ವರ್ಷ ಡ್ರಾಪ್ ತಗೊಂಡು ಏನೂ ಆಗದೆ ಮನೆಯಲ್ಲಿ ಕೂತ ಸೀನಿಯರ್‌ಗಳು ನಮಗೆಲ್ಲ ಗೊತ್ತಲ್ಲ, ಆ ಸ್ಥಿತಿ. ಆ ದಿನಗಳಲ್ಲಿ ಓದಿದ ರಸೆಲ್, ವಾಟ್ಸನ್, ಪಾವ್ಲೋವ್ ಪುಸ್ತಕಗಳೇ ಅವರನ್ನು 1928ರಲ್ಲಿ ಹಾರ್ವರ್ಡ್‌ನ ಮನಶ್ಶಾಸ್ತ್ರ ವಿಭಾಗಕ್ಕೆ ತಳ್ಳಿದವು.

(ನಮ್ಮ ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಅದಕ್ಕೂ ಮೊದಲೇ, 1924ರಲ್ಲೇ ಶುರುವಾಗಿತ್ತು. ಶುರು ಮಾಡಿದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿ, 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ಸ್ಟೇಷನ್ ನಡೆಸಿ ಅದಕ್ಕೆ ಆಕಾಶವಾಣಿ ಅಂತ ಹೆಸರಿಟ್ಟವರು. ಆ ಕಾಲದ ಮನಶ್ಶಾಸ್ತ್ರಜ್ಞರ ಕೈ ಸುಮ್ಮನೆ ಇರುತ್ತಿರಲಿಲ್ಲ ಅನ್ನೋಕೆ ಇದು ಸಾಕು.)

ಹಾರ್ವರ್ಡ್ ವರ್ಕ್‌ಶಾಪಿನಲ್ಲಿ ಸ್ಕಿನ್ನರ್ ಮಾಡಿದ್ದನ್ನು ಓದಿದರೆ ನಮ್ಮ ಮಿನಿ ಪ್ರಾಜೆಕ್ಟ್ ನೆನಪಾಗುತ್ತೆ. ಯಾವುದೂ ಪ್ಲಾನ್ ಪ್ರಕಾರ ಆಗಿದ್ದಲ್ಲ. ಮೊದಲು ಇಲಿಗೆ ಉದ್ದನೆಯ ಓಣಿ ಕಟ್ಟಿದರು. ಆ ತುದಿಗೆ ಓಡಿದ ಇಲಿಯನ್ನು ಪ್ರತಿ ಸಲ ಎತ್ತಿಕೊಂಡು ಬರೋದು ಬೇಜಾರಾಗಿ, ಅದೇ ವಾಪಸ್ ಬರೋ ದಾರಿ ಕಟ್ಟಿದರು. ಆಮೇಲೆ ಊಟವನ್ನು ತಾವೇ ಹಾಕೋದೂ ಬೇಜಾರಾಗಿ, ಇಲಿ ಓಡಾಡಿದರೆ ತಾನಾಗಿ ತಿರುಗಿ ಕಾಳು ಬೀಳಿಸುವ ಮರದ ಚಕ್ರ ಇಟ್ಟರು. ಆ ಚಕ್ರವನ್ನು ಗುಜರಿ ರಾಶಿಯಿಂದ ತಂದಿದ್ದರು, ಅದರ ಮಧ್ಯೆ ಒಂದು ಕಡ್ಡಿ ಚಾಚಿಕೊಂಡಿತ್ತು, ಕತ್ತರಿಸೋಕೆ ಹೋಗಲಿಲ್ಲ. ಆಮೇಲೊಂದು ದಿನ ಆ ಕಡ್ಡಿಗೆ ದಾರ ಸುತ್ತಿದರೆ, ಚಕ್ರ ತಿರುಗಿದಷ್ಟೂ ದಾರ ಬಿಚ್ಚಿ ಪೆನ್ನು ಕಾಗದದ ಮೇಲೆ ಒಂದು ಗೆರೆ ಎಳೆಯುತ್ತಲ್ಲ ಅಂತ ಹೊಳೆಯಿತು. ಅದೇ ಮುಂದೆ ಸಂಚಿತ ದಾಖಲೆ ಯಂತ್ರವಾಯಿತು. ಆಡಿಸುವ ಚಕ್ರ ಹೋಗಿ ಪೆಟ್ಟಿಗೆಯೊಳಗೆ ಒತ್ತುವ ಸನ್ನೆ ಬಂತು. ಗ್ರಾಫಿನ ಏರು ನೋಡಿದರೆ ಇಲಿ ಎಷ್ಟು ಬೇಗ ಬೇಗ ಸನ್ನೆ ಒತ್ತುತ್ತಿದೆ ಅನ್ನೋದು ಗೊತ್ತಾಗುತ್ತೆ. ನಮ್ಮ ಭಾಷೆಯಲ್ಲಿ ಸ್ಲೋಪ್ ಅಂದರೆ ರೇಟ್. ಇಲಿಯ ಮನಸ್ಸಿನಲ್ಲಿ ಏನಿದೆ ಅನ್ನೋ ಪ್ರಶ್ನೆಯನ್ನು ಪಕ್ಕಕ್ಕಿಟ್ಟು ಈ ಸ್ಲೋಪ್ ಒಂದನ್ನೇ ಅವರು ನಂಬಿದರು.

ಎರಡು ದೊಡ್ಡ ಸಂಗತಿಗಳು ಯಂತ್ರ ಕೈಕೊಟ್ಟಾಗ ಸಿಕ್ಕಿದವು. ಒಂದು ಶುಕ್ರವಾರ ಮಧ್ಯಾಹ್ನ ಕಾಳು ಬೀಳಿಸುವ ಭಾಗ ಸಿಕ್ಕಿಹಾಕಿಕೊಂಡಿತು. ಇಲಿ ಸನ್ನೆ ಒತ್ತುತ್ತಲೇ ಇದೆ, ಕಾಳು ಬರ್ತಿಲ್ಲ. ಗೆರೆ ನಿಧಾನವಾಗಿ ಬಾಗಿ ಚಪ್ಪಟೆಯಾಯಿತು. ಫಲ ನಿಂತರೆ ವರ್ತನೆ ಹೇಗೆ ಆರಿಹೋಗುತ್ತೆ ಅನ್ನೋದರ ಚಿತ್ರ ಅದು. ಹೇಳಿಕೊಳ್ಳೋಕೆ ಲ್ಯಾಬಿನಲ್ಲಿ ಯಾರೂ ಇರಲಿಲ್ಲ. ತಾನು ಸತ್ತರೆ ಈ ವಿಷಯ ಯಾರಿಗೂ ಗೊತ್ತಾಗಲ್ಲ ಅಂತ ಆ ಶನಿವಾರ ಭಾನುವಾರ ಪೂರ್ತಿ ರಸ್ತೆ ದಾಟುವಾಗ ಎಚ್ಚರಿಕೆಯಿಂದ ದಾಟಿದರಂತೆ.

ಆರಿಹೋಗೋದಕ್ಕೆ ಮುಂಚೆ ಕೆಲವೊಮ್ಮೆ ಒಂದು ಸ್ಫೋಟ ಇರುತ್ತೆ. ರಿಸಲ್ಟ್ ದಿನ ಸೈಟ್ ಓಪನ್ ಆಗದಿದ್ದರೆ ನಾವು ಸುಮ್ಮನೆ ಫೋನ್ ಕೆಳಗಿಡ್ತೀವಾ? ಇಲ್ಲ, ರಿಫ್ರೆಶ್ ಮೇಲೆ ರಿಫ್ರೆಶ್, ಆಮೇಲೆ ಲ್ಯಾಪ್‌ಟಾಪ್ ಮೇಲೆ ಗುದ್ದು, ಆಮೇಲೆ ಸುಸ್ತಾಗಿ ಬಿಡ್ತೀವಿ. ಇಂದಿರಾನಗರದ ಹುಡುಗ ಎರಡನೇ ನಿಮಿಷದಲ್ಲಿ ಕೈ ಕಚ್ಚಿಕೊಂಡಿದ್ದು ಈ ಗುದ್ದು. ಅದೇ ಹಂತದಲ್ಲಿ ನಾವು ಮೊಬೈಲ್ ಕೊಟ್ಟದ್ದು. ಹಾಗಂತ ಕಚ್ಚಿಕೊಳ್ಳಲಿ ಅಂತ ನೋಡ್ತಾ ನಿಲ್ಲೋದೂ ಅಲ್ಲ ಅಂತೆ. ಅವನ ಕೈ ಹಿಡಿದು ನೋವಾಗದಂತೆ ನೋಡಿಕೊಂಡು, ಅದೇ ಕೈಯಲ್ಲಿ ಕಾರ್ಡ್ ಎತ್ತೋಕೆ ಸಹಾಯ ಮಾಡಿ, ಕಾರ್ಡ್ ಬಂದ ಕ್ಷಣ ಕೇಳಿದ್ದನ್ನು ಕೊಡಬೇಕಿತ್ತು. ಬೇಡದ ದಾರಿಯನ್ನು ಮುಚ್ಚೋದು ಅರ್ಧ ಕೆಲಸ, ಬೇಕಾದ ದಾರಿಯನ್ನು ಅದಕ್ಕಿಂತ ಸುಲಭ ಮಾಡೋದು ಇನ್ನರ್ಧ.

ಎರಡನೆಯದು ಒಂದು ಶನಿವಾರದ ಕಥೆ. ಕಾಳಿನ ಗುಳಿಗೆಗಳನ್ನು ಸ್ಕಿನ್ನರ್ ತಾವೇ ಒತ್ತಿ ಮಾಡಿಕೊಳ್ಳಬೇಕಿತ್ತು. ಎಂಟು ಇಲಿ, ಒಂದೊಂದಕ್ಕೆ ದಿನಕ್ಕೆ ನೂರು. ಲೆಕ್ಕ ಹಾಕಿದರೆ ಸೋಮವಾರ ಬೆಳಿಗ್ಗೆಗೆ ಖಾಲಿ. ಮಧ್ಯಾಹ್ನ ಪೂರ್ತಿ ಗುಳಿಗೆ ಒತ್ತುತ್ತಾ ಕೂರೋ ಬದಲು, ಪ್ರತಿ ಸಲ ಕೊಡೋದನ್ನು ನಿಲ್ಲಿಸಿ ನಿಮಿಷಕ್ಕೆ ಒಂದೇ ಸಲ ಕೊಟ್ಟರೆ ಏನಾಗುತ್ತೆ ಅಂತ ನೋಡಿದರು. ಇಲಿಗಳು ಬಿಡಲಿಲ್ಲ. ಒತ್ತುತ್ತಲೇ ಇದ್ದವು. ಯಾವಾಗಲೋ ಒಮ್ಮೆ ಸಿಗೋದು ಪ್ರತಿ ಸಲ ಸಿಗೋದಕ್ಕಿಂತ ಗಟ್ಟಿ ಅಂಟಾಗುತ್ತೆ ಅನ್ನೋದು ಅಲ್ಲಿಂದ ಹೊರಬಂತು. 1957ರಲ್ಲಿ ಫರ್ಸ್ಟರ್ ಜೊತೆ ಸೇರಿ ಅವರು ಈ ಲೆಕ್ಕಗಳ ದಪ್ಪನೆಯ ಪುಸ್ತಕವನ್ನೇ ತಂದರು. ಅದರಲ್ಲಿನ ಒಂದು ಗ್ರಾಫ್ ನೋಡಿ ನಾವು ನಕ್ಕುಬಿಟ್ಟೆವು. ನಿಗದಿತ ಅವಧಿ ಮುಗಿದ ಮೇಲಷ್ಟೇ ಕಾಳು ಸಿಗುತ್ತೆ ಅಂತಾದರೆ, ಕಾಳು ಸಿಕ್ಕ ಮೇಲೆ ಪಾರಿವಾಳ ಆರಾಮಾಗಿ ಕೂತು, ಅವಧಿ ಹತ್ತಿರ ಬಂದಂತೆ ಜೋರು ಕುಕ್ಕೋಕೆ ಶುರು ಮಾಡುತ್ತೆ. ಒಂದು ಇಂಟರ್ನಲ್ಸ್‌ನಿಂದ ಇನ್ನೊಂದು ಇಂಟರ್ನಲ್ಸ್‌ವರೆಗೆ ನಮ್ಮ ಹಾಸ್ಟೆಲ್‌ನ ಓದು ಬಹುತೇಕ ಇದೇ ಆಕಾರ. ಇನ್ನು ರೀಲ್ಸ್ ಸ್ಕ್ರೋಲ್ ಮಾಡೋದು ಇನ್ನೊಂದು ಥರ: ಯಾವ ಸ್ವೈಪ್‌ಗೆ ಒಳ್ಳೇದು ಬರುತ್ತೋ ಗೊತ್ತಿಲ್ಲ, ಅದಕ್ಕೇ ನಿಲ್ಲಿಸೋಕಾಗಲ್ಲ. ಸ್ಕಿನ್ನರ್ ಇದ್ದ ಕಾಲದಲ್ಲಿ ಇದಕ್ಕೆ ಜೂಜಿನ ಯಂತ್ರವೇ ಉದಾಹರಣೆ.

1936ರಲ್ಲಿ ಯುವಾನ್ ಬ್ಲೂ ಜೊತೆ ಮದುವೆ, ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಕೆಲಸ, 1938ರಲ್ಲಿ ಮೊದಲ ಪುಸ್ತಕ, ಅದೇ ವರ್ಷ ಮೊದಲ ಮಗಳು ಜೂಲಿ. ಅಷ್ಟರಲ್ಲಿ ಯುದ್ಧ ಬಂತು. 1940ರಲ್ಲಿ ರೈಲಿನ ಕಿಟಕಿಯಿಂದ ಜೊತೆಜೊತೆಗೆ ಹಾರುತ್ತಿದ್ದ ಹಕ್ಕಿಗಳ ಹಿಂಡನ್ನು ನೋಡಿ, ಕಣ್ಣು ಚುರುಕು, ತಿರುಗೋದು ಚುರುಕು, ಇವು ಕ್ಷಿಪಣಿ ನಡೆಸಬಾರದೇಕೆ ಅಂತ ಅವರಿಗೆ ಅನ್ನಿಸಿತು. ಮಿನಿಯಾಪೊಲಿಸ್‌ನ ಒಂದು ಹಿಟ್ಟಿನ ಗಿರಣಿಯ ಮೇಲಿನ ಮಹಡಿಯಲ್ಲಿ ಕೆಲಸ. ಕ್ಷಿಪಣಿಯ ಮೂತಿಯೊಳಗೆ ಮೂರು ಪಾರಿವಾಳ, ಎದುರಿಗೆ ಲೆನ್ಸ್ ಮೂಲಕ ಬಿದ್ದ ಗುರಿಯ ಚಿತ್ರ, ಚಿತ್ರ ಮಧ್ಯದಿಂದ ಸರಿದರೆ ಕುಕ್ಕುವ ಜಾಗವೂ ಸರಿಯುತ್ತೆ, ಆ ಸಿಗ್ನಲ್‌ನಿಂದ ದಿಕ್ಕು ತಿದ್ದುಪಡಿ. ಕಂಟ್ರೋಲ್ ಸಿಸ್ಟಮ್ಸ್ ಓದುವವರು ಬ್ಲಾಕ್ ಡಯಾಗ್ರಾಮ್ ಬರೆದು ನೋಡಿ, ಸೆನ್ಸರ್ ಜಾಗದಲ್ಲಿ ಪಾರಿವಾಳ ಅಂತ ಬರೀಬೇಕು ಅಷ್ಟೇ. ಸರ್ಕಾರ 25,000 ಡಾಲರ್ ಕೊಟ್ಟಿತು. ಹಕ್ಕಿಗಳು ಪರೀಕ್ಷೆಯಲ್ಲಿ ಚೆನ್ನಾಗಿಯೇ ಮಾಡಿದವು, ಸಮಿತಿಯವರಿಗೆ ನಗು ತಡೆಯಲಾಗಲಿಲ್ಲ, 1944ರಲ್ಲಿ ಯೋಜನೆ ರದ್ದಾಯಿತು. ಉಳಿದ ಪಾರಿವಾಳಗಳನ್ನು ಸ್ಕಿನ್ನರ್ ಮನೆಗೆ ತಂದು ಸಾಕಿದರು. ಆರು ವರ್ಷ ಬಿಟ್ಟು ಕೇಳಿದರೂ ಅವು ಪಾಠ ಮರೆತಿರಲಿಲ್ಲ. ಯುದ್ಧಕ್ಕೆ ಹಕ್ಕಿ ಕಳಿಸೋದು ಸರಿಯೇ ಅನ್ನೋ ಪ್ರಶ್ನೆ ನಮಗಿದೆ. ಆಗ ಅವರಿಗೆ ಅಷ್ಟಾಗಿ ಇದ್ದಂತಿಲ್ಲ.

ಆ ಗಿರಣಿಯಲ್ಲಿ ಸರ್ಕಾರದ ಅಪ್ಪಣೆಗೆ ಕಾಯುತ್ತಾ ಕೂತಿದ್ದಾಗ ನಡೆದದ್ದು ಕ್ಷಿಪಣಿಗಿಂತ ಮುಖ್ಯ. ಪಾರಿವಾಳಕ್ಕೆ ಬೌಲಿಂಗ್ ಕಲಿಸೋಣ ಅಂತ ಮರದ ಚೆಂಡು ಇಟ್ಟು, ಕೊಕ್ಕಿನಿಂದ ಅದನ್ನು ಹೊಡೆದಾಗ ಕಾಳು ಕೊಡೋಣ ಅಂತ ಕಾದರು. ಹಕ್ಕಿ ಹೊಡೆಯಲೇ ಇಲ್ಲ. ಕಾದು ಸಾಕಾಗಿ, ಚೆಂಡಿನ ಕಡೆ ಬರೀ ನೋಡಿದರೂ ಕೊಟ್ಟರು. ಆಮೇಲೆ ಕೊಕ್ಕು ಹತ್ತಿರ ಬಂದರೆ, ಆಮೇಲೆ ತಾಗಿದರೆ. ಕೆಲವೇ ನಿಮಿಷದಲ್ಲಿ ಹಕ್ಕಿ ಚೆಂಡನ್ನು ಪೆಟ್ಟಿಗೆಯ ಗೋಡೆಗೆ ಬಡಿಯುವಂತೆ ಹೊಡೆಯುತ್ತಿತ್ತು. ದೊಡ್ಡ ಕೆಲಸವನ್ನು ಈಗಾಗಲೇ ಬರುವ ಸಣ್ಣ ಚೂರಿನಿಂದ ಶುರು ಮಾಡಿ ಹಂತ ಹಂತವಾಗಿ ರೂಪಿಸೋದು. ನಮ್ಮ ಸೆಂಟರ್‌ನಲ್ಲೂ ಮೊದಲ ದಿನ ಹುಡುಗ ಕಾರ್ಡಿನ ಮೇಲೆ ಬೆರಳಿಟ್ಟರೆ ಸಾಕಿತ್ತು. ಶಿವಾಜಿನಗರದ ರಸೆಲ್ ಮಾರ್ಕೆಟ್ ಮುಂದೆ ಕಾಳಿಗೆ ಮುತ್ತುವ ಪಾರಿವಾಳಗಳನ್ನು ಈಗ ನೋಡಿದರೆ ನಮಗೆ ಬೇರೆಯೇ ಗೌರವ.

1948ರ ಇನ್ನೊಂದು ಪ್ರಯೋಗ ಹೇಳದೇ ಇರೋಕಾಗಲ್ಲ. ಎಂಟು ಪಾರಿವಾಳಗಳಿಗೆ ಏನು ಮಾಡಿದರೂ ಮಾಡದಿದ್ದರೂ 15 ಸೆಕೆಂಡಿಗೊಮ್ಮೆ ಕಾಳು. ಕೆಲವು ದಿನದಲ್ಲಿ ಒಂದು ಗಿರಗಿರ ಸುತ್ತುತ್ತಿತ್ತು, ಇನ್ನೊಂದು ಮೂಲೆಗೆ ತಲೆ ಚಾಚುತ್ತಿತ್ತು. ಕಾಳು ಬಿದ್ದ ಕ್ಷಣ ಏನು ಮಾಡುತ್ತಿದ್ದವೋ ಅದೇ ಅಂಟಿಕೊಂಡಿತ್ತು. ಆರ್‌ಸಿಬಿ ಮ್ಯಾಚ್ ದಿನ ಅದೇ ಟೀ ಶರ್ಟ್, ಅದೇ ಕುರ್ಚಿ ಅಂತ ಹಠ ಹಿಡಿಯುವ ರೂಮ್‌ಮೇಟ್‌ಗೆ ಇದನ್ನು ಓದಿಸಿ.

ಎರಡನೇ ಮಗಳು ಡೆಬೊರಾ ಹುಟ್ಟಿದ್ದು 1944ರಲ್ಲಿ. ಚಳಿಯೂರಲ್ಲಿ ಮಗುವನ್ನು ಬಟ್ಟೆಯಲ್ಲಿ ಸುತ್ತಿ ಸುತ್ತಿ ಮಲಗಿಸೋದು ಬೇಡ ಅಂತ ಅಪ್ಪ ಬೆಚ್ಚಗಿನ ಗಾಳಿ ಬರುವ, ಮುಂದೆ ಗಾಜಿರುವ ತೊಟ್ಟಿಲು ಕಟ್ಟಿದರು. ಮಗು ಬರೀ ಡೈಪರ್‌ನಲ್ಲಿ ಆರಾಮಾಗಿ ಕೈಕಾಲು ಆಡಿಸಿಕೊಂಡಿತ್ತು. 1945ರಲ್ಲಿ ಒಂದು ಮಹಿಳಾ ಪತ್ರಿಕೆಯಲ್ಲಿ ಲೇಖನ ಬಂತು, ಶೀರ್ಷಿಕೆಯಲ್ಲಿ ಪೆಟ್ಟಿಗೆ ಅನ್ನೋ ಪದ ಇತ್ತು. ಅಷ್ಟೇ ಸಾಕಾಯಿತು. ಮಗಳನ್ನು ಇಲಿಯ ಹಾಗೆ ಬೆಳೆಸಿದ, ಅವಳಿಗೆ ಹುಚ್ಚು ಹಿಡಿಯಿತು, ಆತ್ಮಹತ್ಯೆ ಮಾಡಿಕೊಂಡಳು ಅಂತ ಕಥೆಗಳು ಹುಟ್ಟಿ ದಶಕಗಟ್ಟಲೆ ಓಡಾಡಿದವು. ಡೆಬೊರಾ ಕಲಾವಿದೆಯಾಗಿ ಲಂಡನ್‌ನಲ್ಲಿ ಬದುಕಿದರು, 2004ರಲ್ಲಿ ತಾವೇ ಪತ್ರಿಕೆಯಲ್ಲಿ ಬರೆದು ಇದೆಲ್ಲ ಸುಳ್ಳು ಅಂತ ಹೇಳಬೇಕಾಯಿತು. ವಾಟ್ಸಾಪ್ ಇಲ್ಲದ ಕಾಲದಲ್ಲೂ ಫಾರ್ವರ್ಡ್‌ಗಳು ಇದ್ದವು.

1948ರಲ್ಲಿ ಸ್ಕಿನ್ನರ್ ಹಾರ್ವರ್ಡ್‌ಗೆ ಪ್ರೊಫೆಸರ್ ಆಗಿ ವಾಪಸ್ ಬಂದರು. 1953ರ ನವೆಂಬರ್ 11ರಂದು ಅಪ್ಪಂದಿರ ಭೇಟಿ ದಿನ ಡೆಬೊರಾಳ ಗಣಿತ ಕ್ಲಾಸಿನ ಹಿಂದಿನ ಸಾಲಿನಲ್ಲಿ ಕೂತರು. ಕೆಲವು ಮಕ್ಕಳು ಆಗಲೇ ಮುಗಿಸಿ ಕಿಟಕಿ ನೋಡ್ತಿದ್ದರು, ಕೆಲವರು ಒದ್ದಾಡುತ್ತಿದ್ದರು, ಉತ್ತರ ಸರಿಯೋ ತಪ್ಪೋ ಅನ್ನೋದು ಯಾರಿಗೂ ಆ ಕ್ಷಣ ಗೊತ್ತಾಗುತ್ತಿರಲಿಲ್ಲ. ಪಾರಿವಾಳಕ್ಕೆ ಸೆಕೆಂಡಿನೊಳಗೆ ಸಿಗುವ ಮಾಹಿತಿ ಮಕ್ಕಳಿಗೆ ಮಾರನೇ ದಿನ. ಮನೆಗೆ ಹೋದವರೇ ಬೋಧನಾ ಯಂತ್ರದ ಕೆಲಸಕ್ಕೆ ಕೂತರು: ಒಂದು ಸಣ್ಣ ಪ್ರಶ್ನೆ, ಉತ್ತರ ಬರಿ, ತಕ್ಷಣ ಸರಿಯುತ್ತರ ನೋಡು, ನಿನ್ನ ಸ್ಪೀಡಿನಲ್ಲಿ ಮುಂದೆ ಹೋಗು. ಕಲಿಯುವವನು ತಪ್ಪಿದರೆ ಪಾಠ ಬರೆದವನು ತನ್ನ ಪಾಠ ತಿದ್ದಬೇಕು ಅನ್ನೋದು ಅವರ ನಿಲುವು. ಬ್ಯಾಕ್‌ಲಾಗ್ ಇರುವ ನಮ್ಮಲ್ಲೊಬ್ಬರಿಗೆ ಈ ಜಾಗದಲ್ಲಿ ಕಣ್ಣಲ್ಲಿ ನೀರು ಬಂತು, ಹೆಸರು ಹೇಳಲ್ಲ.

ಇಲಿ ಪಾರಿವಾಳದಿಂದ ಮನುಷ್ಯರ ಆಸ್ಪತ್ರೆಗೆ ಈ ವಿದ್ಯೆಯನ್ನು ಒಯ್ದವರು ಮುಖ್ಯವಾಗಿ ಬೇರೆಯವರು. 1959ರಲ್ಲಿ ಕೆನಡಾದ ಸಸ್ಕಾಚೆವಾನ್‌ನ ಮಾನಸಿಕ ಆಸ್ಪತ್ರೆಯಲ್ಲಿ ಕೆಲಸ ಮಾಡಿದ ಐಲಾನ್ ಮತ್ತು ಮೈಕೆಲ್ ತಮ್ಮ ಲೇಖನದ ಹೆಸರಿನಲ್ಲೇ ದಾದಿಯರನ್ನು ವರ್ತನೆಯ ಎಂಜಿನಿಯರ್ ಅಂತ ಕರೆದರು. ಅಲ್ಲಿ ಒಬ್ಬ ರೋಗಿ ದಿನಕ್ಕೆ ಸರಾಸರಿ 16 ಸಲ ದಾದಿಯರ ಕೋಣೆಗೆ ನುಗ್ಗುತ್ತಿದ್ದರು, ದಾದಿಯರು ಪ್ರತಿ ಸಲ ಗದರಿ ಹೊರಗೆ ಕಳಿಸುತ್ತಿದ್ದರು. ಗದರೋದೂ ಒಂದು ಗಮನವೇ. ಗಮನ ಕೊಡೋದು ನಿಲ್ಲಿಸಿದ ಏಳು ವಾರದಲ್ಲಿ 16 ಹೋಗಿ 2 ಆಯಿತು. 1964ರಲ್ಲಿ ಪ್ರಕಟವಾದ ಇನ್ನೊಂದು ಕೆಲಸ ವಾಷಿಂಗ್ಟನ್ ರಾಜ್ಯದ್ದು. ಆಟಿಸಂ ಇದ್ದ ಮೂರೂವರೆ ವರ್ಷದ ಹುಡುಗನಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು, ಕನ್ನಡಕ ಹಾಕದಿದ್ದರೆ ದೃಷ್ಟಿ ಹೋಗುತ್ತಿತ್ತು, ಅವನು ಹಾಕಲು ಬಿಡುತ್ತಿರಲಿಲ್ಲ. ವುಲ್ಫ್, ರಿಸ್ಲಿ, ಮೀಸ್ ಮೂವರೂ ಗಾಜಿಲ್ಲದ ಬರೀ ಫ್ರೇಮಿನಿಂದ ಶುರು ಮಾಡಿದರು. ಮುಟ್ಟಿದರೆ ಒಂದು ತುತ್ತು, ಎತ್ತಿಕೊಂಡರೆ ಒಂದು ತುತ್ತು, ಕಣ್ಣಿನ ಹತ್ತಿರ ತಂದರೆ ಇನ್ನೊಂದು. ಆಸ್ಪತ್ರೆಯಿಂದ ಹೊರಡುವ ಹೊತ್ತಿಗೆ ಹುಡುಗ ದಿನಕ್ಕೆ ಸುಮಾರು 12 ಗಂಟೆ ಕನ್ನಡಕ ಹಾಕುತ್ತಿದ್ದ. 1968ರಲ್ಲಿ ಬೇಯರ್, ವುಲ್ಫ್, ರಿಸ್ಲಿ ಹೊಸ ಪತ್ರಿಕೆಯ ಮೊದಲ ಸಂಪುಟದಲ್ಲಿ ಅನ್ವಯಿಕ ವರ್ತನಾ ವಿಶ್ಲೇಷಣೆ ಅಂದರೆ ಏನೇನಿರಬೇಕು ಅಂತ ಬರೆದು ಆ ಹೆಸರನ್ನು ನಿಲ್ಲಿಸಿದರು. ಬದಲಾಯಿಸುವ ವಿಷಯ ಆ ವ್ಯಕ್ತಿಗೆ ನಿಜವಾಗಿ ಮುಖ್ಯವಾಗಿರಬೇಕು ಅನ್ನೋದು ಅದರಲ್ಲಿ ಮೊದಲನೆಯದು.

ಇದೇ ವಿದ್ಯೆ ಕೆಟ್ಟ ದಾರಿಯನ್ನೂ ಹಿಡಿಯಿತು, ಅದನ್ನು ಮುಚ್ಚಿಟ್ಟು ಬರೆಯೋದು ನ್ಯಾಯ ಅಲ್ಲ. 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಲೋವಾಸ್ ಆಟಿಸಂ ಇರುವ ಮಕ್ಕಳಿಗೆ ಮಾತು ಕಲಿಸಿದರು, ಜೊತೆಗೆ ಏಟು ಕೊಟ್ಟರು, ಕರೆಂಟ್ ಶಾಕ್ ಕೂಡ ಕೊಟ್ಟರು. ಈ ತರಬೇತಿಯಲ್ಲಿ ಬೆಳೆದ ಕೆಲವರು ಇವತ್ತು ದೊಡ್ಡವರಾಗಿ, ತಮ್ಮ ಕೈ ಆಡಿಸುವ ಅಭ್ಯಾಸ ಯಾರಿಗೂ ತೊಂದರೆ ಕೊಡದಿದ್ದರೂ ಅದನ್ನು ಅಳಿಸಿದರು, ಹೇಳಿದ ಹಾಗೆ ಕೇಳೋದನ್ನೇ ಕಲಿಸಿದರು ಅಂತ ನೋವಿನಿಂದ ಹೇಳುತ್ತಾರೆ. ನಮ್ಮ ಸೆಂಟರ್‌ನ ಮೇಡಂ ಹುಡುಗ ಕೈ ಬಡಿದುಕೊಂಡು ಕುಣಿದರೆ ತಡೆಯುತ್ತಿರಲಿಲ್ಲ. ಅದರಿಂದ ಅವನಿಗೆ ಖುಷಿ, ನಿಮಗೇನು ಕಷ್ಟ ಅನ್ನೋ ಥರ ನಮ್ಮನ್ನೇ ನೋಡಿದರು.

ಸ್ಕಿನ್ನರ್ ಸ್ವತಃ ಶಿಕ್ಷೆಯನ್ನು ಒಪ್ಪಿದವರಲ್ಲ. ಶಿಕ್ಷೆ ವರ್ತನೆಯನ್ನು ಅಡಗಿಸುತ್ತೆ, ಬೇರೇನನ್ನೂ ಕಲಿಸಲ್ಲ ಅನ್ನೋದು ಅವರ ವಾದ. ಟಿನ್ ಫ್ಯಾಕ್ಟರಿ ಹತ್ತಿರ ಪೊಲೀಸ್ ಕಂಡ ಕೂಡಲೇ ಹೆಲ್ಮೆಟ್ ತಲೆಗೆ, ದಾಟಿದ ಮೇಲೆ ಮತ್ತೆ ಹ್ಯಾಂಡಲ್‌ಗೆ. ಇಷ್ಟು ಸಾಕಲ್ಲ. ಇಲ್ಲಿ ಎಂಜಿನಿಯರ್‌ಗಳು ಎಡವುವ ಒಂದು ಪದ ಇದೆ: ಋಣಾತ್ಮಕ ಪುನರ್ಬಲನ ಅಂದರೆ ಶಿಕ್ಷೆ ಅಲ್ಲ. ಕಿರಿಕಿರಿಯೊಂದನ್ನು ತೆಗೆದಾಗ ವರ್ತನೆ ಹೆಚ್ಚಾಗೋದು. ಸೀಟ್ ಬೆಲ್ಟ್ ಹಾಕಿದರೆ ಕಾರಿನ ಬೀಪ್ ನಿಲ್ಲುತ್ತಲ್ಲ, ಅದು. ಹಾಗೆ ನೋಡಿದರೆ ಅವತ್ತು ಹುಡುಗನೂ ನಮಗೆ ಪಾಠ ಮಾಡಿದ್ದ. ಮೊಬೈಲ್ ಕೊಟ್ಟಾಗ ಅವನ ಕಿರುಚಾಟ ನಿಂತಿತು, ನಮಗೆ ನೆಮ್ಮದಿಯಾಯಿತು, ಮುಂದಿನ ಸಲ ನಾವು ಇನ್ನೂ ಬೇಗ ಕೊಡುತ್ತಿದ್ದೆವು. ನಮ್ಮ ಕರುಣೆ ಅಂತ ನಾವು ಅಂದುಕೊಂಡದ್ದರಲ್ಲಿ ಅರ್ಧ ಇದೇ ಇತ್ತು.

ಭಾಷೆಯನ್ನೂ ಇದೇ ಲೆಕ್ಕದಲ್ಲಿ ವಿವರಿಸಲು ಹೋದ ಅವರ 1957ರ ಪುಸ್ತಕವನ್ನು ಚಾಮ್‌ಸ್ಕಿ 1959ರಲ್ಲಿ ಕಟುವಾಗಿ ವಿಮರ್ಶಿಸಿದರು. ಸ್ವಾತಂತ್ರ್ಯ, ಘನತೆ ಅನ್ನೋ ಮಾತುಗಳನ್ನೇ ಪ್ರಶ್ನಿಸಿದ 1971ರ ಪುಸ್ತಕದಿಂದ ಟೈಮ್ ಪತ್ರಿಕೆಯ ಮುಖಪುಟಕ್ಕೂ ಬಂದರು, ಬೈಗುಳವನ್ನೂ ತಿಂದರು. ನಮ್ಮ ನಾಲ್ವರಲ್ಲಿ ಈ ಬಗ್ಗೆ ಇನ್ನೂ ಜಗಳ ಇದೆ. ಪರಿಸರವೇ ಎಲ್ಲವನ್ನೂ ಮಾಡಿಸುತ್ತೆ ಅಂದರೆ, ಆ ಪರಿಸರವನ್ನು ಜೋಡಿಸುವ ಕೈ ಯಾರದ್ದು? ಸೆಂಟರ್‌ನಲ್ಲಿ ಅದು ಮೇಡಂ ಕೈ, ನಮಗೆ ಭಯ ಇಲ್ಲ. ರೀಲ್ಸ್‌ನಲ್ಲಿ ಯಾರ ಕೈಯೋ.

ತಮ್ಮ ಬದುಕನ್ನು ಮಾತ್ರ ಅವರು ಕೊನೆವರೆಗೂ ತಾವೇ ಜೋಡಿಸಿಕೊಂಡರು. ಬೆಳಗಿನ ಜಾವ ಗಂಟೆ ಹೊಡೆದಾಗ ಎದ್ದು ಬರೆಯಲು ಕೂರುತ್ತಿದ್ದರು. ಮೇಜಿನ ದೀಪ ಹಾಕಿದರೆ ಮಾತ್ರ ಓಡುವ ಗಡಿಯಾರ ಇತ್ತು, 12 ಗಂಟೆ ತುಂಬಿದಾಗೆಲ್ಲ ಗ್ರಾಫ್ ಮೇಲೆ ಒಂದು ಚುಕ್ಕೆ. ಇಲಿಗೆ ಮಾಡಿದ್ದನ್ನೇ ತಮಗೂ ಮಾಡಿಕೊಂಡರು. ವಯಸ್ಸಾಗಿ ಮರೆವು ಬಂದಾಗ ಅದರ ಬಗ್ಗೆಯೂ ಬರೆದರು. ಮಳೆ ಬರುತ್ತೆ ಅಂತ ಸುದ್ದಿ ಕೇಳಿದ ಕೂಡಲೇ, ಆಮೇಲೆ ನೆನಪಿಟ್ಟುಕೊಳ್ತೀನಿ ಅಂತ ನಂಬದೆ, ಎದ್ದು ಹೋಗಿ ಕೊಡೆಯನ್ನು ಬಾಗಿಲ ಹಿಡಿಗೆ ನೇತುಹಾಕಿಬಿಡಿ ಅನ್ನೋದು ಅವರ ಸಲಹೆ. ಪೈಜಾಮದ ಬಾಗಿಲು ಎಪ್ಪತ್ತು ವರ್ಷದ ಮೇಲೆ ಮತ್ತೆ ಬಂತು.

1989ರ ನವೆಂಬರ್‌ನಲ್ಲಿ ಅವರಿಗೆ ಲ್ಯುಕೇಮಿಯಾ ಅಂತ ಗೊತ್ತಾಯಿತು. 1990ರ ಆಗಸ್ಟ್ 10ರಂದು ಬಾಸ್ಟನ್‌ನಲ್ಲಿ ಮನಶ್ಶಾಸ್ತ್ರಜ್ಞರ ಸಂಘ ಜೀವಮಾನದ ಗೌರವ ಕೊಟ್ಟಾಗ, 86 ವರ್ಷದ ಅವರು ಚೀಟಿಯಿಲ್ಲದೆ ಹದಿನೈದು ನಿಮಿಷ ಮಾತಾಡಿದರು. ಆಮೇಲೆ ಮನೆಗೆ ಹೋಗಿ ಬರೆಯಲು ಕೂತರು. ಆಗಸ್ಟ್ 17ರಂದೂ ತಮ್ಮ ಕೊನೆಯ ಲೇಖನವನ್ನು ತಿದ್ದುತ್ತಿದ್ದರು. ಮಾರನೇ ದಿನ ತೀರಿಕೊಂಡರು.

ನಾವು ಕೆಡಿಸಿದ್ದನ್ನು ಸರಿ ಮಾಡೋಕೆ ಮೇಡಂಗೆ ಐದು ವಾರ ಹಿಡಿಯಿತು. ಆರನೇ ಶನಿವಾರ ಹುಡುಗ ನಮ್ಮ ಹತ್ತಿರ ಬಂದು, ಜೇಬಿನ ಕಡೆ ನೋಡಿ, ಮೊಬೈಲ್ ಚಿತ್ರದ ಕಾರ್ಡನ್ನು ನಮ್ಮಲ್ಲೊಬ್ಬರ ಕೈಗೆ ತುರುಕಿದ. ಬ್ಯಾಟರಿ 4 ಪರ್ಸೆಂಟ್ ಇತ್ತು. ಕೊಟ್ಟೆವು.